ಮೊದಲ ಹಿಟ್ಟು

ಅಪ್ಪ ಗಿರಣಿಯಾಗ ಒಂದು ಆಟ ಆಡಸ್ತಿದ್ದ:
ಕಣ್ಣು ಮುಚ್ಚು. ಎಡಗೈಯಾಗ ಒಂದು ಚಿಟಿಕಿ,
ಬಲಗೈಯಾಗ ಒಂದು ಚಿಟಿಕಿ.
ಮೂಸಿ ಹೇಳು, ಯಾವುದು ಗೋಧಿ, ಯಾವುದು ಜೋಳ.
ಒಮ್ಮೆನೂ ತಪ್ಪಲಿಲ್ಲ ನನ್ನ ಮೂಗು.
ತಪ್ಪಿದ್ದು ಹೊಟ್ಟಿ.

ಹದಿನಾರು ವರ್ಷ ಉಬ್ಬಿ ಕುಂತಿತ್ತು.
ಉಂಡದ್ದು ಉಂಡಂಗೇ ಹೊರಗ.
ಹೊಕ್ಕಳ ಸರದದ ಅಂತ ಎಣ್ಣಿ ಹಚ್ಚಿ ತಿಕ್ಕಿದಳು ದೊಡ್ಡವ್ವ,
ಗ್ಯಾಸು ಅಂದ ಮೆಡಿಕಲ್ ಅಂಗಡಿ ರೇವಪ್ಪ,
ಹೊಟ್ಟಿಗಿ ಹಗೂರ ಇರಲಿ, ಚಪಾತಿ ತಿನ್ನು
ಅಂದರು ಎಲ್ಲರೂ. ತಿಂದೆ.
ಜ್ವರಕ್ಕ ಬ್ರೆಡ್ಡು, ಸುಸ್ತಿಗಿ ಬಿಸ್ಕೀಟು,
ಬಸುರಿಗಿ ತುಪ್ಪ ಸುರುವಿದ ಗೋಧಿ ಹುಗ್ಗಿ.
ಎರಡು ಸಲ ನಿಲ್ಲಲಿಲ್ಲ ಬಸುರು.
ಅದನ್ನ ಯಾರೂ ಗೋಧಿಯ ಲೆಕ್ಕಕ್ಕ ಬರಕೊಳ್ಳಲಿಲ್ಲ.

ಕಲಬುರಗಿಯಾಗ ನಳಿಗಿ ಇಳಿಸಿ ನೋಡಿದ ಡಾಕ್ಟರಮ್ಮ
ಚೀಟಿಯ ಹಿಂದ ಗೀಚಿ ತೋರಿಸಿದಳು:
ಕರುಳಿನೊಳಗ ಟವೆಲ್ಲಿಗಿದ್ದಂಗ ಎಳಿ ಇರತಾವ,
ನಿಮ್ಮವು ಸವದು ಸಪಾಟಾಗ್ಯಾವ.
ನನಗ ಗೀಚೂದು ಬೇಕಿದ್ದಿಲ್ಲ.
ಹಲ್ಲು ಸವದ ಕಲ್ಲು ಕಾಳು ಅರಿಯೂದಿಲ್ಲ, ಉಗುಳ್ತದ.
ಟಾಕಿ ಹೊಡಸಬೇಕು.
ಹೌದು, ಅಂದಳು, ಆದ್ರ ಉಳಿ ಇಲ್ಲ ಇದಕ್ಕ,
ಗೋಧಿ ಬಿಡೂದೊಂದೇ. ಚೂರೂ ಬ್ಯಾಡ. ಎಂದಿಗೂ.
ನಾ ಏನು ಕೆಲಸ ಮಾಡ್ತೀನಿ ಕೇಳ್ರಿ, ಅಂದೆ.
ಕೇಳಿ, ಪೆನ್ನು ಕೆಳಗಿಟ್ಟಳು.

ಕಮಲಾಪುರದಾಗ ಬಸ್ಸು ನಿಂತಾಗ
ಕೆಂಪು ಬಾಳೆಹಣ್ಣು ಕೊಂಡು
ಹೆದರಿ ಹೆದರಿ ಸುಲಿದೆ,
ಅದರೊಳಗೂ ಇದ್ದೀತಂತ.

ರವಾ ಹೋಯ್ತು. ಶಾವಗಿ ಹೋಯ್ತು. ಹೋಳಿಗಿ
ಹೋಗುವಾಗ ಹಿಂದ ತಿರುಗಿ ನೋಡಿತು.
ತಮ್ಮನ ಮಗಳು ವೈಜಂತಾ ಇಂಗಿನ ಡಬ್ಬಿಯ ಬೆನ್ನು ಓದಿ
ಅತ್ತೀ, ಇದರಾಗೂ ಕುಂತದ, ಅಂದಳು,
ಕಳ್ಳನ್ನ ಹಿಡಿದವರಂಗ.
ಗುಳಗಿ ಬಂದವು: ಕಬ್ಬಿಣದ್ದು, ನಿಂಬಿಹಣ್ಣಿನ ನೀರಿನ ಜೋಡಿ,
ಚಹಾಕ್ಕೂ ಅದಕ್ಕೂ ಎರಡು ತಾಸಿನ ಜಗಳ.
ರವಿವಾರಕ್ಕೊಂದು ಪಾಕೀಟು ಹಾಲಿನಾಗ,
ಬಿಸಿಲಿನಿಂದ ಸಿಗಬೇಕಾದ್ದು ಅದರಾಗ ಅದಂತ.
ಚಿಟಗುಪ್ಪದಾಗ ರೊಕ್ಕ ಕೊಟ್ಟು ಬಿಸಿಲು ಕೊಂಡವಳು
ನಾನೊಬ್ಬಳೇ ಇರಬೇಕು.

ದೊಡ್ಡವ್ವ ಹಾಸಿಗಿಯಿಂದಲೇ ನಕ್ಕಳು:
ನಮ್ಮ ಕಾಲಕ್ಕ ಗೋಧಿ ಬಸ್ಸಿಳಿದು ಬಂದವರಿಗಿ,
ನಮಗ ಜೋಳ, ಸಜ್ಜಿ.
ದಿನಾ ಚಪಾತಿ ತಿನ್ನೋ ಮನಿಗಿ ಕೊಟ್ಟೀವಂತ
ನಾಲ್ಕು ಓಣಿ ಹೇಳಿಕೋತ ತಿರಗಿದ್ದೆ ನಾನು.
ನಗು ನಿಲ್ಲಿಸಿ, ನನ್ನ ಮಣಿಕಟ್ಟು ಹಿಡಿದು,
ಬೆರಳ ಸುತ್ತಿ ಅಳತಿ ನೋಡಿದಳು.

ಗಿರಣಿ ಉಳೀತು. ಒಂದೇ ಕಲ್ಲು, ಊರ ಮಂದಿ ಕಾಳು.
ನನ್ನ ಜೋಳದ ಬೆನ್ನ ಮ್ಯಾಲ ಗೋಧಿ ಕುಂತು ಬರ್ತಿತ್ತು.
ಸಾಲಾ ತೆಗೆದು ಇನ್ನೊಂದು ಕಲ್ಲು ಹಾಕಿಸಿದೆ,
ನಡುವ ಗ್ವಾಡಿ, ಗ್ವಾಡಿಯಾಚಿ ಗೋಧಿ, ತಮ್ಮ.
ಈಚಿ ನಾನು, ಮುಖಕ್ಕ ಮೂರು ಸುತ್ತು ಬಟ್ಟಿ.
ಆದರೂ ನಂಬಿಕಿಲ್ಲ ಗಾಳಿಯ ಮ್ಯಾಲ:
ದಿನಾ ಮುಂಜಾನಿ ಮೊದಲ ಸೇರು ಹಿಟ್ಟು
ಇಮಾಮಬಿಯ ಮ್ಯಾಕಿಗಿ.
ಎಂಟು ತಿಂಗಳಾಯ್ತು. ಮ್ಯಾಕಿ ನನಗಿಂತ ಮೊದಲು ದಪ್ಪಾಯ್ತು.
ನಾನೂ ಆಗ್ಲಾಕತ್ತೀನಿ.
ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ
ಹೋದಲ್ಲೇ ಇರತಾವ ಈಗ,
ಹೇಳದೇ ಕೇಳದೇ ಎದ್ದು ಓಡೂದಿಲ್ಲ.
ದೊಡ್ಡವ್ವನ ಬೆರಳು ಮಣಿಕಟ್ಟು ಸುತ್ತಿ
ಒಂದಕ್ಕೊಂದು ಮುಟ್ಟೂದಿಲ್ಲ.

ಹಬ್ಬದ ದಿನ ಬಾಜೂ ಮನಿಯಾಗ ಹುಗ್ಗಿ ಕುದ್ದರ
ಎದ್ದು ಹಿತ್ತಲಕ್ಕ ಹೋಗ್ತೀನಿ.
ಸುಳ್ಳ್ಯಾಕ ಹೇಳಲಿ, ಹೋಗೂದಿಲ್ಲ.
ಬಟ್ಟಿ ಸಡಿಲ ಮಾಡಿ, ಕಣ್ಣು ಮುಚ್ಚಿ
ಬಾಗಲಾಗ ನಿಲ್ತೀನಿ.
ಬೆಲ್ಲ. ಗಸಗಸಿ. ತುಪ್ಪ.
ಅವುಗಳ ನಡುವ, ತಳದಾಗ, ಅದು.
ಮೂಸಬ್ಯಾಡ ಅಂತ ಡಾಕ್ಟರಮ್ಮ ಹೇಳಿಲ್ಲ.