ಒಂದು ನಾಣ್ಯಕ್ಕೆ ಇಬ್ಬರು

ಝಾಗ್ರೆಬ್ ಬಸ್ ನಿಲ್ದಾಣದ ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ನಾನು:
ಲ್ಯೆರ್ಕಾ, ಹತ್ತೊಂಬತ್ತು ವರ್ಷದಿಂದ
ಪಾಯಿಖಾನೆಯ ಬಾಗಿಲು ಕಾಯುವವಳು.
ಯುರೋಪು ನೋಡಿಲ್ಲವೆ ಎಂದು ಕೇಳಬೇಡಿ.
ಯುರೋಪೇ ನನ್ನ ಮುಂದೆ ಬಂದು ನಿಂತಿದೆ
ತೊಡೆ ಬಿಗಿಹಿಡಿದು, ಜೇಬು ತಡಕುತ್ತ.

ಎರಡು ದೇಶ ದಾಟಲು ಒಂಬತ್ತು ಯೂರೋ ಕೊಟ್ಟವರಿಗೆ
ಉಚ್ಚೆಗೆ ಅರ್ಧ ಯೂರೋ ಎಂದರೆ ಎದೆಯುರಿ.
ಬೂಟು ನೋಡಿಯೇ ಹೇಳಬಲ್ಲೆ
ಯಾರು ನಿನ್ನೆ ಬೆಂಚಿನ ಮೇಲೆ ಮಲಗಿದ್ದರು,
ಯಾರು ಹಾಸಿಗೆಯ ದುಡ್ಡು ಉಳಿಸಲೆಂದೇ
ರಾತ್ರಿ ಬಸ್ಸು ಹಿಡಿದರು ಎಂದು.
ಒಬ್ಬ ನಾಲ್ಕು ಅಂಗಿ ಒಂದರ ಮೇಲೊಂದು ತೊಟ್ಟು ಬಂದ:
ವಿಮಾನದವರು ಚೀಲ ತೂಗುತ್ತಾರಂತೆ,
ಮನುಷ್ಯನನ್ನು ತೂಗುವುದಿಲ್ಲವಂತೆ.
ಒಬ್ಬಳು ಕಾಲುಚೀಲ ಒಗೆದು
ಕೈ ಒಣಗಿಸುವ ಯಂತ್ರದ ಬಾಯಿಗೆ ಹಿಡಿದು
ಅರ್ಧ ಗಂಟೆ ನಿಂತಳು,
ಮಗುವಿಗೆ ಉಗ್ಗು ಕುಡಿಸುವವಳ ಹಾಗೆ.

ಕರುಣೆಯಿಲ್ಲ ಎನ್ನಬೇಡಿ, ಲೆಕ್ಕವಿತ್ತು.
ಗೋಡೆಯ ಫಲಕ ನನ್ನದೇ ಕೈಬರಹ:
ಒಂದು ನಾಣ್ಯಕ್ಕೆ ಒಬ್ಬರು.
ಜೋಡಿಯಾಗಿ ನುಸುಳಲು ಬಂದ ಪ್ರೇಮಿಗಳ ಮುಂದೆ
ಒರೆಸುಕೋಲು ಅಡ್ಡ ಹಿಡಿದಿದ್ದೇನೆ.
ಚಿಲ್ಲರೆಯಿಲ್ಲದವರು ಎಲ್ಲಿಯದೋ ಕಾಸು ತೋರಿಸಿ ಹಲ್ಲುಗಿಂಜಿದರೆ
ಗೊಣಗುತ್ತ ಒಳಗೆ ಬಿಡುತ್ತಿದ್ದೆ;
ಆ ಕಾಸು ಪ್ಲಮ್ ಜಾಮಿನ ಹಳೆಯ ಬಾಟಲಿಗೆ.
ಯಾವ ದೇಶದ್ದೋ, ಯಾವ ರಾಜನ ಮೂತಿಯೋ,
ಕುಲುಕಿದರೆ ಎಲ್ಲಕ್ಕೂ ಒಂದೇ ಸದ್ದು.

ಈ ಫೆಬ್ರವರಿಯಲ್ಲಿ ಗ್ಡಾನ್ಸ್ಕಿನಿಂದ ತಂಗಿ ದುಬ್ರಾವ್ಕಾಳ ಫೋನು:
ಕಣ್ಣಿನ ಪೊರೆ ತೆಗೆಸುತ್ತಾಳೆ,
ಎರಡು ವಾರ ಸೂಪು ಬೇಯಿಸಲು ಜನ ಬೇಕು.
ವಿಮಾನದ ದರ ಕೇಳಿ
ನನ್ನ ಕಣ್ಣಿಗೇ ಪೊರೆ ಬಂತು.
ಪಕ್ಕದ ಮನೆ ಹುಡುಗ ಫೋನು ಕೆದಕಿ ಕೆದಕಿ
ದಾರಿ ಹೊಲಿದುಕೊಟ್ಟ: ವಿಯೆನ್ನಾ, ಬ್ರ್ನೊ, ಕಟೊವಿತ್ಸೆ,
ನಾಲ್ಕು ಬಸ್ಸು, ಮೂವತ್ತೊಂದು ಗಂಟೆ, ನಲವತ್ಮೂರು ಯೂರೋ.
ಏಳು ಬೇಯಿಸಿದ ಮೊಟ್ಟೆ, ಒಂದು ಬ್ರೆಡ್ಡು,
ಒಂದು ಕಾಲುಚೀಲದ ತುಂಬ ಬಾಟಲಿಯ ಕಾಸು.
ಜಾಣೆ ನಾನು!

ಬ್ರ್ನೊ. ರಾತ್ರಿ ಎರಡೂ ನಲವತ್ತು.
ಬಸ್ಸಿನ ಶೌಚಾಲಯಕ್ಕೆ ಬೀಗ,
ಚಾಲಕನ ಬಾಯಿಗೂ ಬೀಗ.
ನಿಲ್ದಾಣದಲ್ಲಿ ನನ್ನಂಥವಳು ಕೂತಿರಬೇಕಾದ ಜಾಗದಲ್ಲಿ
ಒಂದು ಕಬ್ಬಿಣದ ಯಂತ್ರ.
ಹಲ್ಲುಗಿಂಜಿ ಏನು ಪ್ರಯೋಜನ?
ಕಾಸು ಹಾಕಿದೆ, ಠಣ್ಣನೆ ಉಗುಳಿತು.
ಇನ್ನೊಂದು. ಉಗುಳಿತು.
ಎಲ್ಲ ಸತ್ತ ನಾಣ್ಯಗಳು, ಚಲಾವಣೆ ನಿಂತು ವರ್ಷಗಳಾದವು,
ಕೆಲವು ಆ ದೇಶದವೂ ಅಲ್ಲ.
ಹತ್ತೊಂಬತ್ತು ವರ್ಷ ಇವನ್ನು ದುಡ್ಡೆಂದು ಕೂಡಿಟ್ಟೆನೆ
ಎಂದು ಕಾಲು ಕಾಲು ಹೊಸೆಯುತ್ತ ನಿಂತೆ.

ಹಿಂದಿನಿಂದ ಬಂದಳು ಬೆನ್ನಚೀಲದ ಹುಡುಗಿ,
ಕೆಂಪು ಮೂಗು, ಒದ್ದೆ ಬೂಟು,
ಬೆಂಚಿನ ಮೇಲೆ ಮಲಗಿದ್ದವಳು, ಸಂಶಯವಿಲ್ಲ.
ಅಂಗೈಯಲ್ಲಿ ಒಂದೇ ಒಂದು ನಾಣ್ಯ.
ನನ್ನನ್ನು ನೋಡಿದಳು, ಕಾಸು ನೋಡಿದಳು,
ಎರಡು ಬೆರಳು ಜೋಡಿಸಿ ತೋರಿಸಿದಳು.

ಆ ಸನ್ನೆ ನನಗೆ ಗೊತ್ತು.
ಆ ಸನ್ನೆಗೇ ನಾನು ಕೋಲು ಹಿಡಿಯುತ್ತಿದ್ದದ್ದು.

ಅವಳ ಚೀಲ ನನ್ನ ತಲೆಯ ಮೇಲೆ,
ನನ್ನ ಹೊಟ್ಟೆ ಅವಳ ಬೆನ್ನಿಗೆ,
ಉಪ್ಪುಮೂಟೆ ಅರ್ಧಕ್ಕೆ ಜಾರಿದ ಹಾಗೆ
ಒಂದೇ ಉಸಿರು, ಒಂದೇ ಹೆಜ್ಜೆ.
ಸರಳು ಕಿರುಗುಟ್ಟಿ ತಿರುಗಿತು.
ನಡುವೆ ಸಿಕ್ಕಿದ ಕೋಟಿನ ಗುಂಡಿಯೊಂದು
ಆ ಕಡೆಯೇ ಉಳಿಯಿತು.
ಇಬ್ಬರೂ ನಕ್ಕೆವು. ನಗಬಾರದ ಹೊತ್ತು ಅದು,
ಬಲ್ಲವರು ಬಲ್ಲರು.

ಹೊರಬಂದು ಎರಡು ಮೊಟ್ಟೆ ಕೊಟ್ಟೆ.
ರುಗಿಲೆ ಎಂದಳು, ಎದೆ ಮುಟ್ಟಿಕೊಂಡು.
ಹೆಸರೋ, ಅವರ ಮಾತಿನಲ್ಲಿ ಥ್ಯಾಂಕ್ಸೋ,
ಈವತ್ತಿಗೂ ಗೊತ್ತಿಲ್ಲ.

ಪಟ್ಟಿ ಬಿಚ್ಚಿದ ದಿನ ತಂಗಿ ನನ್ನನ್ನೇ ದಿಟ್ಟಿಸಿ,
ಅಯ್ಯೋ, ಇಷ್ಟು ಮುದುಕಿಯಾದೆಯಾ, ಅಂದಳು.
ಮೂವತ್ತೊಂದು ಗಂಟೆ ಬಂದದ್ದು ಇದಕ್ಕೆ.

ಈಗ ಮತ್ತೆ ಅದೇ ಕುರ್ಚಿ. ಫಲಕ ತೆಗೆದಿಲ್ಲ,
ಮೇಲಿನವರು ಬಂದು ನೋಡುತ್ತಾರೆ.
ಆದರೆ ರಾತ್ರಿ ಹನ್ನೊಂದರ ಬಸ್ಸಿಳಿದು
ಇಬ್ಬರು ಒಂದೇ ನಾಣ್ಯದತ್ತ ನೋಡುತ್ತ ನಿಂತರೆ
ನನಗೆ ಸರಿಯಾಗಿ ಆಗಲೇ
ಕೋಟಿನ ಗುಂಡಿ ಹೊಲಿಯುವುದಿರುತ್ತದೆ,
ಸೂಜಿಗೆ ದಾರ ಸಿಗುತ್ತಿರುವುದಿಲ್ಲ.