ಪೂರ್ವಾಪರ

ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಎಸ್ಪಿ ಆಫೀಸಿಗೆ,
ಅಲ್ಲಿಂದ ನನ್ನ ಮೇಜಿಗೆ ಇಳಿಯಿತು ಕಾಗದ:
ನಿಶ್ಮಿತಾ ಕೆ. ಎಲ್., ವಯಸ್ಸು ಇಪ್ಪತ್ತಾರು,
ಬಾಡಿಗೆ ವಿಮಾನದ ಸಿಬ್ಬಂದಿ.
ಎಂಟೇ ಸೀಟಂತೆ. ಟಿಕೆಟ್ಟಿಲ್ಲ, ವೇಳಾಪಟ್ಟಿಯಿಲ್ಲ,
ದುಡ್ಡಿದ್ದವರು ಹೇಳಿದಾಗ ಹೇಳಿದ ಕಡೆ ಹಾರುವುದು.
ಅದರ ಬಾಗಿಲ ತನಕ ನಡೆಯಲಿಕ್ಕೂ ಅವಳ ಕೊರಳಿಗೆ
ಫೋಟೋ ಇರುವ ಬಿಲ್ಲೆ ಬೇಕು.
ಬಿಲ್ಲೆಗೆ ನನ್ನ ರುಜು ಬೇಕು.

ರೈಲೂ ಬಾರದ ಜಿಲ್ಲೆಯ ಹೆಡ್ ಕಾನ್ಸ್‌ಟೇಬಲ್ ನಾನು.
ವಿಮಾನವನ್ನು ಈ ತನಕ ಕೆಳಗಿನಿಂದ ನೋಡಿದವನು,
ಹೊಟ್ಟೆಯನ್ನು ಮಾತ್ರ.

ಕಳೆದ ಐದು ವರ್ಷ ಎಲ್ಲೆಲ್ಲಿದ್ದಳೋ ಅಲ್ಲೆಲ್ಲ ವಿಚಾರಿಸತಕ್ಕದ್ದು.
ಖಾಯಂ ವಿಳಾಸವನ್ನು ಖುದ್ದು ನೋಡತಕ್ಕದ್ದು.
ಠಾಣೆಯ ಯಾವ ಪುಸ್ತಕದಲ್ಲೂ ಹೆಸರಿರತಕ್ಕದ್ದಲ್ಲ.

ಖಾಯಂ ವಿಳಾಸ: ಮೇಲಣಕೊಲ್ಲಿ, ಮನೆ ನಂಬರ್ ಹದಿನಾಲ್ಕು.
ಬೈಕನ್ನು ಮೋರಿಯ ಹತ್ತಿರ ನಿಲ್ಲಿಸಿ ಹತ್ತಿದೆ.
ಕಾಫಿ ಹೂ ಬಿಟ್ಟ ವಾರ. ನನಗೆ ಆ ಪರಿಮಳಕ್ಕೆ ತಲೆನೋವು.
ಹದಿಮೂರರವರೆಗೆ ಮನೆಗಳಿವೆ.
ಆಮೇಲೆ ಕೆಂಪು ಇಳಿಜಾರು,
ಅದರ ಮೇಲೆ ಏಳು ವರ್ಷದ ಪೊದೆ.
ಫಾರಂನಲ್ಲಿ ಮೂರು ಚೌಕ:
ವಾಸವಿದ್ದಾರೆ, ವಾಸವಿಲ್ಲ, ಮನೆಗೆ ಬೀಗ.
ಮನೆಯನ್ನು ಬೆಟ್ಟ ಕರೆದುಕೊಂಡು ಹೋಗಿದೆ ಎನ್ನಲು
ಚೌಕವಿಲ್ಲ.

ಹದಿಮೂರರ ಚೋಮುಣಿ ಅಂಗಳದಲ್ಲಿ
ಕೋವಿಗೆ ಎಣ್ಣೆ ಹಾಕುತ್ತಿದ್ದರು.
‘ನಡತೆ ಹೇಗೆ?’ ಎಂದೆ.
‘ಯಾರದ್ದು, ಕೋವಿಯದ್ದಾ?’
‘ಪಕ್ಕದ ಮನೆ ಹುಡುಗಿಯದ್ದು.’
ಪಕ್ಕ ಎಂದ ಕಡೆ ಇಬ್ಬರೂ ನೋಡಿದೆವು.
ನಳಿಗೆಯೊಳಗೆ ಒಂದು ಕಣ್ಣಿಟ್ಟುಕೊಂಡು ಹೇಳಿದರು:
‘ಎಂಟನೇ ಕ್ಲಾಸಿನಲ್ಲಿ ನಮ್ಮ ಕಿತ್ತಳೆ ಕದ್ದಿದ್ದಾಳೆ.
ಬರ್ಕೊಳ್ಳಿ ಮಾರಾಯ್ರೆ.’

ಅವಳ ಅಮ್ಮ ಈಗ ಸರ್ಕಾರದ ಬಡಾವಣೆಯಲ್ಲಿ,
ಸಾಲು ಮನೆ, ಎಲ್ಲಕ್ಕೂ ಒಂದೇ ಬಣ್ಣ.
‘ಈಗ ದಿನದ ಪಾಸಂತೆ ಸಾರ್,
ನೀರು ಕುಡಿಯಲು ಎದ್ದರೂ ಒಬ್ಬರು ಹಿಂದೆ ಬರ್ತಾರಂತೆ, ಕಳ್ಳಿಯ ಹಾಗೆ.
ಅವಳ ಮೇಲೆ ಏನಾದರೂ ಇದೆಯಾ?’
ಏನಿರ್ತದೆ, ಎಂದೆ. ಬೆಲ್ಲದ ಕಾಫಿ ಕುಡಿದೆ.

ಇತ್ತು.
ಸಂಜೆ ಕಂಪ್ಯೂಟರಿಗೆ ಹೆಸರು ಹೊಡೆದರೆ ಕೆಂಪಕ್ಷರ:
ಕಾಣೆಯಾದವರು. ನಿಶ್ಮಿತಾ, ಹತ್ತೊಂಬತ್ತು. ಪ್ರಕರಣ ಬಾಕಿ.
ಕಪಾಟಿನಿಂದ ಮೂಲ ರಿಜಿಸ್ಟರ್ ತೆಗೆದೆ,
ಆ ಆಗಸ್ಟಿನಲ್ಲಿ ನೆನೆದು ಒಣಗಿದ ಹಾಳೆ, ಹಪ್ಪಳದ ಹಾಗೆ.
ಅಕ್ಷರ ನನ್ನದೇ.
ಅವತ್ತು ಶಾಲೆಯ ಜಗಲಿಯಲ್ಲಿ ಕೂತು
ಅಳುತ್ತ ಬಂದವರೆಲ್ಲರ ಬಾಯಿಂದ ಹೆಸರು ಬರೆದುಕೊಂಡವನು ನಾನು.
ಮೂರನೇ ದಿನ ಗುಡ್ಡದ ಆಚೆಯಿಂದ,
ಒಂದು ಕರುವನ್ನು ಎಳೆದುಕೊಂಡು,
ಅವಳೇ ನಡೆದು ಬಂದಳು.
ಎಲ್ಲರೂ ಕೂಗಿದರು, ನಾನೂ ಕೂಗಿದೆ.
ಕೂಗುವ ಗಡಿಬಿಡಿಯಲ್ಲಿ ಹೆಸರು ಹೊಡೆದುಹಾಕಲು ಮರೆತೆ.

ಏಳು ವರ್ಷ ಸರ್ಕಾರದ ಲೆಕ್ಕದಲ್ಲಿ ಕಾಣೆಯಾಗಿದ್ದುಕೊಂಡೇ
ಡಿಗ್ರಿ ಮುಗಿಸಿದ್ದಾಳೆ, ವೋಟು ಹಾಕಿದ್ದಾಳೆ,
ಮೋಡದ ಮೇಲೆ ನಿಂತು ಯಾರಿಗೋ
ಬೆಲ್ಟ್ ಕಟ್ಟಿಕೊಳ್ಳಿ ಎಂದಿದ್ದಾಳೆ.

ಷರಾ ಬರೆದೆ: ‘ಸದರಿಯವರು ಸಿಕ್ಕಿರುತ್ತಾರೆ.’
ವಿಳಂಬಕ್ಕೆ ಕಾರಣ: ‘ನನ್ನ ಮರೆವು.’
ಸಾಹೇಬರು ನಕ್ಕರು. ‘ಹಾಗೆಲ್ಲ ಬರೀಬಾರದಯ್ಯಾ,
ತಾಂತ್ರಿಕ ಕಾರಣ ಅನ್ನು.’
ಅಂದೆ.

ಅದೇ ಹಾಳೆ, ಅದರ ಕೆಳಗಿನ ಸಾಲು:
ಲಿಂಗಮ್ಮ, ಎಪ್ಪತ್ತೆರಡು, ಮೇಲಣಕೊಲ್ಲಿ ಹದಿನಾಲ್ಕು,
ಮೇಲ್ಕಂಡವಳ ಅಜ್ಜಿ.
ಕಿವಿಯಲ್ಲಿ ಕಲ್ಲಿನ ಓಲೆ, ಎಡಗಾಲು ಸ್ವಲ್ಪ ಕುಂಟು.
ಅದು ಬಾಕಿಯೇ.
ಸಂಬಂಧಿಕರದ್ದು ಬಾಕಿಯಿದ್ದರೆ ಬಿಲ್ಲೆಗೆ ಅಡ್ಡಿಯೇ?
ಸುತ್ತೋಲೆಯನ್ನು ಮೊದಲಿಂದ ಕೊನೆಯವರೆಗೆ ಓದಿದೆ.
ಏನೂ ಹೇಳಿಲ್ಲ.

ಕಾಗದ ಇವತ್ತಿನ ಟಪಾಲಿಗೆ ಹೋಯಿತು.
ರಿಜಿಸ್ಟರ್ ಇನ್ನೂ ಮೇಜಿನ ಮೇಲಿದೆ.
ಉಬ್ಬಿದ ಹಾಳೆ, ಮುಚ್ಚಿದರೆ ಮತ್ತೆ ತೆರೆದುಕೊಳ್ಳುತ್ತದೆ.
ಸದ್ಯಕ್ಕೆ ಮೇಲೆ ಸ್ಟೇಪ್ಲರ್ ಇಟ್ಟಿದ್ದೇನೆ.