ಈಗಲೇ ಬಿಸಿಲು ತಾಗಬಾರದು

ಸಾಂತಾ ಕ್ರೂಸ್ ಬಯಲಿನಲ್ಲಿ ಜನವರಿಯೆಂದರೆ
ರಾತ್ರಿ ಹತ್ತಾದರೂ ಮುಳುಗಲೊಲ್ಲದ ಸೂರ್ಯ.
ಮೂರು ಮನೆ, ಒಂದು ಪೆಟ್ರೋಲ್ ಬಂಕ್,
ಅದರ ಪಕ್ಕದ ತಗಡಿನ ಶೆಡ್ಡು ನನ್ನದು:
ಒಡೆದ ಗಾಜಿಗೆ ರಾಳ ಕುಡಿಸುವ ಕಸುಬು.

ಅವನು ಬಂದದ್ದು ನಾಲ್ಕರ ಹೊತ್ತಿಗೆ, ಗಾಳಿಯ ಜೊತೆ.
ಹಳೇ ನೀಲಿ ಪಿಕಪ್. ಬಿಟ್ಟರೆ ಗಾಳಿ
ಕಿತ್ತುಕೊಂಡು ಹೋದೀತೆಂದು ಬಾಗಿಲನ್ನು
ಎರಡೂ ಕೈಯಲ್ಲಿ ಹಿಡಿದೇ ಇಳಿದ.
ತೋರಿಸಿದ: ಡ್ರೈವರ್ ಕಡೆ, ಕಣ್ಣಮಟ್ಟಕ್ಕೆ ತುಸು ಕೆಳಗೆ
ಮಸೂರದ ಕಾಳಿನಷ್ಟು ಗುಂಡಿ,
ಅದರ ಸುತ್ತ ಮೂರು ಕೂದಲೆಳೆ.

"ಬೆಳಿಗ್ಗೆ ಎರಡೇ ಇತ್ತು," ಅಂದ.
ಅಷ್ಟಕ್ಕೇ ನನಗೆ ಅವನ ಮೇಲೆ ಗೌರವ ಬಂತು.
ಬಹಳ ಜನ ಎಣಿಸುವುದಿಲ್ಲ.

ನೇರಳೆ ಬೆಳಕಿನ ದೀಪ ಕೆಟ್ಟು ತಿಂಗಳಾಯಿತು,
ಹೊಸದು ಕೊಮೊದೊರೊದಿಂದ ಬರಬೇಕು, ಬರುತ್ತಿಲ್ಲ.
ಹಾಗಾಗಿ ಸೂರ್ಯನನ್ನೇ ಕೂಲಿಗೆ ಕರೆದಿದ್ದೇನೆ.
ಅವನಿಗೋ ತಾಳ್ಮೆಯಿಲ್ಲ;
ರಾಳ ಬಿರುಕಿನ ತುದಿ ಮುಟ್ಟುವ ಮೊದಲೇ
ಬಾಗಿಲಲ್ಲೇ ಕಲ್ಲು ಮಾಡಿಬಿಡುತ್ತಾನೆ.
ಅದಕ್ಕೇ ಈ ಕಂಬಳಿ, ಅಮ್ಮನ ಮಗ್ಗದ್ದು.
ಮೂಲೆ ಹಿಡಿಯಲು ಗಿರಾಕಿಯೇ ಆಗಬೇಕು.
"ತಲೆ ಒಳಗೆ ಹಾಕಿ," ಅಂದೆ. "ಬಿಟ್ಟೀರಿ, ಜೋಕೆ."

ಮೊದಲು ಸೂಜಿ. ಪುಡಿಗಾಜು ಕೆದಕಿ ತೆಗೆಯಬೇಕು,
ಹಲ್ಲಿನ ಸಂದಿಯಿಂದ ಮಾಂಸದ ನಾರು ತೆಗೆದ ಹಾಗೆ.
ಆಮೇಲೆ ಮೂರು ಕಾಲಿನ ಉಪಕರಣ ಗಾಜಿಗೆ ಕಚ್ಚಿಸಿ
ಹಿಡಿ ಎಳೆದೆ: ಒಳಗಿದ್ದ ಗಾಳಿ ಹೊರಗೆ.
ಈ ಊರಲ್ಲಿ ಗಾಳಿಯಿಲ್ಲದ ಜಾಗ
ಅದೊಂದೇ, ಮಸೂರದ ಕಾಳಿನಷ್ಟು.
ನಂತರ ಒಂದು ಹನಿ. ತಿರುಪು, ಕಾಲು ಸುತ್ತು.
ಕಾಯುವುದು. ಇನ್ನು ಕಾಲು ಸುತ್ತು.

ಕಂಬಳಿಯೊಳಗೆ ಕುರಿಯ ವಾಸನೆ, ಅವನ ಡೀಸೆಲ್ ವಾಸನೆ.
ಒಂದು ಮೂಲೆಯನ್ನವನು ಮೊಣಕೈಗೆ ಸಿಕ್ಕಿಸಿಕೊಂಡ.
ಸೋರೆಬುರುಡೆಗೆ ಬಿಸಿನೀರು ಸುರಿದು, ಒಂದೇ ಕೊಳವೆಯಿಂದ
ಮಾತೇ ಹೀರಿದೆವು, ಮಾತಿಲ್ಲದೆ.
ಗಂಡಸಿನ ಮುಖ ಇಷ್ಟು ಹತ್ತಿರ ಕಂಡು ವರ್ಷಗಳಾಗಿತ್ತು.
ರೆಪ್ಪೆಯ ಮೇಲೂ ಧೂಳು,
ದಾರಿಹೋಕರದಲ್ಲ, ನೆಲೆನಿಂತ ಧೂಳು.

"ಯಾರ ಲಾರಿ?" ಕೇಳಿದೆ. ಎಲ್ಲರೂ ಹೇಳುವ ಕತೆ ಅದು,
ಬೈಗುಳದಲ್ಲಿ ಶುರುವಾಗಿ ಲಾರಿ ನಂಬರಿನಲ್ಲಿ ಮುಗಿಯುವುದು.
ಅವನು ಬಯ್ಯಲಿಲ್ಲ.
"ಲಾರಿ ಯಾರದೋ. ಕಲ್ಲು ನನ್ನದೇ," ಅಂದ.

ಹೋರಾಸಿಯೋ ಅಂಕಾತೆನ್. ಹತ್ತೊಂಬತ್ತು ವರ್ಷದಿಂದ
ಈ ಜಲ್ಲಿರಸ್ತೆಯ ಮೇಲೆ ಗ್ರೇಡರ್ ಓಡಿಸುವವನು:
ಹೋಗುವಾಗ ಅಲಗಿನಿಂದ ಎಡಕ್ಕೆ ಹೆರೆದು
ಬರುವಾಗ ಬಲಕ್ಕೆ ಹರವುವವನು;
ನೂರಾ ಹತ್ತು ಕಿಲೋಮೀಟರು,
ತುದಿ ಮುಟ್ಟುವಷ್ಟರಲ್ಲಿ ಬುಡ ಮತ್ತೆ ಗುಂಡಿಬಿದ್ದಿರುತ್ತದೆ.

ನಗು ಬಂತು. ಕಂಬಳಿಯೂ ಕುಲುಕಿತು.
"ಇಷ್ಟು ದಿನ ನನ್ನ ಒಲೆ ಉರಿಸಿದ್ದು ನೀವೇ ಹಾಗಾದರೆ!"
"ಕಂಬಳಿ," ಅಂದ ಅವನು. "ಬಿಸಿಲು ಬರ್ತಿದೆ."

ಆಮೇಲೆ ಹೇಳಿದ, ಗಾಜಿಗೆ ಹೇಳುವವನಂತೆ:
ಡಾಂಬರು ಉತ್ತರದಿಂದ ಬರುತ್ತಿದೆ,
ಗುವಾನಾಕೋಗಳು ಬೇಲಿ ಹಾರುವ ತಿರುವಿನ ತನಕ ಬಂತು,
ಬರುವ ಬೇಸಿಗೆಗೆ ಇಲ್ಲಿ.
ಗ್ರೇಡರನ್ನು ಹರಾಜು ಹಾಕುತ್ತಾರಂತೆ.
ನಾನು ತಿರುಪು ತಿರುಗಿಸಿದೆ. ಕಾಲು ಸುತ್ತು.
ಒಂದು ಎಳೆ ತುಂಬಿತು, ಮಾಯವಾಯಿತು.
ಎರಡನೆಯದು.
ಮೂರನೆಯದು ಹಟ ಮಾಡಿತು;
ಒಳಬದಿಯಿಂದ ಉಗುರಲ್ಲಿ ಮೆಲ್ಲಗೆ ತಟ್ಟಿದೆ.

"ಈಗ," ಅಂದೆ.
ಕಂಬಳಿ ತೆಗೆದ. ಗಾಳಿಗೆ ಕೊಡದೆ ಮಡಿಸಿದ,
ನಾಲ್ಕು ಮಡಿಕೆ, ಅಂಚಿಗೆ ಅಂಚು.
ಸೂರ್ಯ ಹತ್ತು ನಿಮಿಷ ದುಡಿದ.
ಉಬ್ಬಿ ನಿಂತದ್ದನ್ನು ಬ್ಲೇಡಿನಿಂದ ಹೆರೆಯತೊಡಗಿದೆ.
"ಅಲಗು ಇನ್ನಷ್ಟು ಮಲಗಿಸಿ," ಅಂದ.
ಮಲಗಿಸಿದೆ. ಅವನು ಹೇಳಿದ್ದೇ ಸರಿ.

ಕಲೆ ಉಳಿಯುತ್ತದೆಂದು ಮೊದಲೇ ಹೇಳಿದ್ದೆ,
ನೊಣ ಕೂತ ಹಾಗೆ. ಓಡಿಸಲು ಹೋಗಬೇಡಿ.
ದುಡ್ಡು ಎಣಿಸಿ ಕೊಟ್ಟ. ನನ್ನಲ್ಲಿ ಚಿಲ್ಲರೆಯಿರಲಿಲ್ಲ,
ಬಾಕಿಗೆ ಮಾತೇ ಸೊಪ್ಪಿನ ಅರ್ಧ ಪೊಟ್ಟಣ ಒಯ್ದ.

ಹೊರಡುವಾಗ ನನ್ನ ವ್ಯಾನಿನ ಮುಂದೆ ನಿಂತ.
ಅದರ ಗಾಜಿನಲ್ಲಿ ಈ ಕೊನೆಯಿಂದ ಆ ಕೊನೆಗೆ ಬಿರುಕು,
ನಡುವೆ ಒಂದು ತಿರುವು, ಮತ್ತೆ ನೇರ.
ತುಂಬಾ ಹೊತ್ತು ನೋಡಿದ.
"ಎಷ್ಟನೇ ಕಿಲೋಮೀಟರಿನಲ್ಲಿ?"
ನೆನಪಿತ್ತು. ಹೇಳಿದೆ.
ತಲೆಯಾಡಿಸಿ, ನಾಳೆ ಮೊದಲು
ಅಲ್ಲಿಗೇ ಹೋಗುವವನಂತೆ ಗಾಡಿ ಹತ್ತಿದ,
ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು.